ಹೃದಯದ ಗೋಡೆ

ಭಾನುವಾರ, ಬೆಳಿಗ್ಗೆ
ಕ್ಲಬ್ಬಿನ ವಸತಿಗೃಹ

ಪ್ರೀತಿಯ ಅಕ್ಕ,

ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದಗಳಿಗೆ ಉತ್ತರ ಬರೆಯದೆ ಕೂತಿದ್ದಕ್ಕೆ ಎಷ್ಟು ಬೇಕಾದರೂ ಬೈಯಿ, ಆದರೆ ಇದನ್ನು ಓದಿ ಮುಗಿಸಿದ ಮೇಲೆ.

ಫುಟ್‌ಬಾಲ್ ಲೀಗ್ ಶುರುವಾಗುವ ಮುಂಚಿನ ತಪಾಸಣೆಯಲ್ಲಿ ನನ್ನ ಹೃದಯದ ಗೋಡೆ ದಪ್ಪಗಾಗಿರುವುದು ಕಂಡಿತಲ್ಲ. ವರ್ಷಗಟ್ಟಲೆ ಓಡಿದವರಿಗೆ ತೊಡೆ ಬಲಿತ ಹಾಗೆ ಹೃದಯವೂ ಬಲಿಯುತ್ತದಂತೆ. ಮನೆತನದಲ್ಲಿ ಇಳಿದು ಬರುವ ಒಂದು ಕಾಯಿಲೆಯೂ ಹಾಗೇ ಕಾಣುತ್ತದಂತೆ. ನನ್ನದು ಯಾವುದು ಎಂದು ಕೇಳಿದರೆ ಹೃದಯದ ವೈದ್ಯೆ ಮುಚ್ಚುಮರೆಯಿಲ್ಲದೆ ಹೇಳಿದರು: “ನಂಗೂ ಗೊತ್ತಿಲ್ಲಮ್ಮ. ಮೂರು ತಿಂಗಳು ಓಟ ಬಿಡು. ಆಟದಿಂದ ಬಂದಿದ್ದಾದ್ರೆ ಇಳಿಯುತ್ತೆ. ಕಾಯಿಲೆಯಾದ್ರೆ ಇಳಿಯಲ್ಲ.”

ಮ್ಯಾನೇಜರಿಗೆ ಅಷ್ಟು ತಾಳ್ಮೆ ಎಲ್ಲಿಯದು? ಗೌರವವಾಗಿ ನಿವೃತ್ತಿಯಾಗು, ಮಕ್ಕಳ ತಂಡಕ್ಕೆ ಕಲಿಸು, ಬೀಳ್ಕೊಡುಗೆ ಪಂದ್ಯ ಇಡೋಣ ಎಂದರು. ಭಾಷಣವನ್ನೂ ಬರೆಸಿಟ್ಟಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರೆ. ಇವರು ಉಸಿರು ನಿಲ್ಲುವ ಮುಂಚೆಯೇ ಚರಮಗೀತೆ ಹಾಡಿದರು.

“ಡಾಕ್ಟ್ರು ಬೇಡ ಅಂದ್ರೆ ಅವತ್ತೇ ಬೂಟು ಬಿಚ್ತೀನಿ ಸರ್. ನೀವು ಅಂದ್ರೆ ಬಿಚ್ಚಲ್ಲ,” ಎಂದು ಎದ್ದು ಬಂದೆ.

ಓಡದೆ ಕೂರುವುದು ಓಡುವುದಕ್ಕಿಂತ ಕಷ್ಟ. ಕಣ್ಣೆದುರೇ ಬಸ್ಸು ಹೊರಟರೂ ಓಡಿ ಹಿಡಿಯಲಿಲ್ಲ. ಉಳಿದವರು ಅಭ್ಯಾಸ ಮಾಡುವಾಗ ಗೆರೆಯಾಚೆ ಕೂತು ಗೋಲ್‌ಕೀಪರಿನ ಕೈಗವಸು ಒಣಗಿಸಿದೆ. ನನ್ನ ನಂಬರಿನ ಅಂಗಿಯನ್ನು ಹೊಸಬಳೊಬ್ಬಳಿಗೆ ಕೊಟ್ಟರು. ಪಾಪ, ನನ್ನನ್ನು ಕಂಡರೆ ಮುಖ ತಗ್ಗಿಸುತ್ತಿದ್ದಳು. ಚೆನ್ನಾಗಿ ಆಡು, ಆದರೆ ಅಂಗಿ ಹರಿದುಕೊಳ್ಳಬೇಡ, ವಾಪಸ್ ಕೇಳುತ್ತೇನೆ ಎಂದೆ.

ಮೂರು ತಿಂಗಳು ಮುಗಿದು, ಹೋದ ವಾರ ಮತ್ತೆ ಸ್ಕ್ಯಾನ್. ಎದೆಗೆ ತಣ್ಣನೆಯ ಜೆಲ್ ಹಚ್ಚಿದ ವೈದ್ಯೆ ಬಹಳ ಹೊತ್ತು ಪರದೆ ನೋಡಿದರು. ಕೊನೆಗೆ ಪರದೆಯನ್ನು ನನ್ನ ಕಡೆ ತಿರುಗಿಸಿ, “ಇಳಿದಿದೆ, ನೋಡು,” ಎಂದರು. ರಕ್ತಪರೀಕ್ಷೆಯಲ್ಲೂ ಆ ಕಾಯಿಲೆಯ ಸುಳಿವಿಲ್ಲ.

ಮರುದಿನ ಮುಖಕ್ಕೆ ಮಾಸ್ಕ್ ಕಟ್ಟಿ, ಟ್ರೆಡ್‌ಮಿಲ್ ಮೇಲೆ ಓಡಿಸಿ ಉಸಿರು ಅಳೆದರು. ದಮ್ಮು ಕಡಿಮೆಯಾಗಿರುವುದು ನಿಜ, ಕಾಲು ಸೀಸದಷ್ಟು ಭಾರ. ಆದರೂ ಸಾಕು ಎಂದು ನಾನು ಕೈ ಎತ್ತಲಿಲ್ಲ. ಅವರೇ ಯಂತ್ರ ನಿಲ್ಲಿಸಿದರು. ವರ್ಷಕ್ಕೊಮ್ಮೆ ಬಂದು ತೋರಿಸಬೇಕೆಂಬ ಷರತ್ತಿನ ಮೇಲೆ ಆಡಲು ಒಪ್ಪಿಗೆ ಸಿಕ್ಕಿದೆ. ಮ್ಯಾನೇಜರ್ ಎರಡನೇ ತಂಡಕ್ಕೆ ಹಾಕಿದ್ದಾರೆ. ಹಾಕಲಿ. ಅಲ್ಲಿಂದಲೇ ಓಡಿ ಮೇಲೆ ಬರುತ್ತೇನೆ.

ಅಮ್ಮನಿಗೆ ನಮಸ್ಕಾರ. ಭಾವನ ಮಂಡಿನೋವು ಬೇಗ ವಾಸಿಯಾಗಲಿ. ಪುಟ್ಟಿಗೆ ಚಿಕ್ಕಮ್ಮನ ಮುತ್ತು; ನೂರು ವರ್ಷ ಕುಣಿದಾಡಿಕೊಂಡಿರಲಿ.

ಇತಿ ನಿನ್ನ
ಮೊಂಡಿ

ತಾ.ಕ.: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಮ್ಮ ಅಣ್ಣ ಆಡುತ್ತ ಆಡುತ್ತಲೇ ಕುಸಿದು ಹೋದ ಸಂಗತಿಯನ್ನು ಕ್ಲಬ್ಬಿಗೆ ಫೋನ್ ಮಾಡಿ ತಿಳಿಸಿದ್ದು ನೀನು ಎಂದು ವೈದ್ಯೆಯ ಬಾಯಿಂದ ತಿಳಿಯಿತು. ತಿಳಿಸಿದ್ದು ತಪ್ಪಲ್ಲ ಅಕ್ಕ. ನನಗೊಂದು ಮಾತು ಹೇಳದೆ ತಿಳಿಸಿದೆಯಲ್ಲ, ಅದು ನೋವಾಯಿತು. ಕೇಳಿದ್ದರೆ ನಿನ್ನ ಕೈ ಹಿಡಿದುಕೊಂಡೇ ಆ ಸ್ಕ್ಯಾನಿನ ಕೋಣೆಗೆ ಹೋಗುತ್ತಿದ್ದೆ, ಒಬ್ಬಳೇ ಹೋದೆ. ಅವನ ಸಾವನ್ನು ನನ್ನ ಎದೆಯೊಳಗೆ ಅವರು ಹುಡುಕಿ ನೋಡಿದ್ದಾರೆ, ಅಲ್ಲಿಲ್ಲ. ನೀನೂ ಇನ್ನು ಹುಡುಕಬೇಡ. ಶನಿವಾರ ಪಂದ್ಯವಿದೆ, ಬಾ.