ಒಂದು ಜಾಗಕ್ಕೆ ಒಂದೇ ಸಲ

ನಿಲ್ದಾಣದ ಎದುರಿನ ಲಾಡ್ಜ್, ಕೋಣೆ ೧೪
ಗುರುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ನಿನಗೆ ಸೊಂಟನೋವೆಂದು ನಿನ್ನ ಹೆಂಡತಿ ಹೇಳಿದಳು. ಲಾರಿ ಓಡಿಸುವಾಗ ಬೆನ್ನಿಗೊಂದು ದಿಂಬು ಇಟ್ಟುಕೋ ಎಂದರೆ ನೀನು ಕೇಳಬೇಕಲ್ಲ! ನನ್ನ ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ನಾನು ಚೆನ್ನಾಗಿದ್ದೇನೆ. ಎಂದರೆ, ಊಟ ಸೇರುತ್ತದೆ, ನಿದ್ದೆ ಬರುತ್ತದೆ. ಅದರಾಚೆ ಏನೂ ಅನ್ನಿಸುವುದಿಲ್ಲ. ಅಪ್ಪನ ಮರೆವು ನೀನು ಅಂದುಕೊಂಡಿದ್ದಕ್ಕಿಂತ ಬಹಳ ಮುಂದೆ ಹೋಗಿದೆ. ನನ್ನನ್ನು ‘ಮೇಡಂ’ ಎನ್ನುತ್ತಾರೆ. ಮೊದಲ ಸಲ ಹಾಗೆ ಕರೆದಾಗ ಬಚ್ಚಲಿಗೆ ಹೋಗಿ ಅತ್ತಿದ್ದೆ. ಈಗ ‘ಹೇಳಿ ಸಾರ್’ ಎಂದು ಓಗೊಡುತ್ತೇನೆ.

ಅವರು ಲಿಫ್ಟ್ ರಿಪೇರಿ ಮಾಡಿಕೊಂಡಿದ್ದ ಊರನ್ನು ಇನ್ನೊಮ್ಮೆ ತೋರಿಸೋಣವೆಂದು ಒಂದು ವಾರ ರಜೆ ಹಾಕಿ ಕರೆತಂದೆ. ಇಲ್ಲಿ ಪ್ರವಾಸಿಗಳಿಗೊಂದು ಪಾಸ್ ಇದೆ. ಗೋಪುರ, ದೋಣಿ, ಮತ್ಸ್ಯಾಲಯ ಎಲ್ಲ ಸೇರಿ ಹನ್ನೆರಡು ಜಾಗ, ಮೂರು ದಿನ. ಬಿಡಿ ಟಿಕೆಟಿಗಿಂತ ಎಷ್ಟೋ ಅಗ್ಗ. ಸೋಮವಾರ ಕೊಳ್ಳುವುದರಲ್ಲಿದ್ದೆ, ಅಪ್ಪ ಈಗಲೇ ಮೀನು ನೋಡಬೇಕೆಂದು ಹಟ ಹಿಡಿದರು. ಸರಿ, ಪಾಸ್ ನಾಳೆಯಿಂದ ಎಂದುಕೊಂಡು ಬಿಡಿ ಟಿಕೆಟ್ ತೆಗೆದುಕೊಂಡೆ. ದೊಡ್ಡ ಆಮೆಯ ಮುಂದೆ ಎರಡು ಗಂಟೆ ನಿಂತರು. ಮಂಗಳವಾರ ಎದ್ದವರೇ, ‘ಮೇಡಂ, ಈ ಊರಲ್ಲಿ ಮೀನಿನ ಮನೆ ಇದ್ಯಂತೆ, ನೋಡಿದ್ದೀರಾ?’ ಎಂದರು. ಬುಧವಾರವೂ ಅದೇ. ಪಾಸಿನಲ್ಲಾದರೆ ಒಂದು ಜಾಗಕ್ಕೆ ಒಂದೇ ಸಲ ಬಿಡುವುದು. ಕೌಂಟರಿನ ಹೆಂಗಸು ದಿನವೂ ‘ಪಾಸ್ ತಗೊಳ್ಳಿ, ಲಾಭ ಇದೆ’ ಎನ್ನುತ್ತಾಳೆ. ಒಂದೇ ಆಮೆಯನ್ನು ದಿನವೂ ಮೊದಲ ಸಲ ನೋಡುವವರಿಗೆ ಯಾವ ಪಾಸ್ ಲಾಭ, ನೀನೇ ಹೇಳು. ನಮ್ಮಿಬ್ಬರಲ್ಲಿ ಲೆಕ್ಕಕ್ಕೆ ಚುರುಕು ನೀನು.

ಇನ್ನೊಂದು ತಮಾಷೆ. ಎರಡು ಟಿಕೆಟ್ ಕೇಳಿದರೆ ಅಪ್ಪ ನಿಂತಲ್ಲಿಂದ ಜಗ್ಗುವುದಿಲ್ಲ. ‘ಚಿಕ್ಕೋನಿಗೂ ಒಂದು ತಗೊಳ್ಳಿ. ಆಮೆ ನೋಡ್ದೆ ಇದ್ರೆ ರಂಪ ಮಾಡ್ತಾನೆ.’ ಅಪ್ಪ ನಮ್ಮನ್ನು ಇಲ್ಲಿಗೆ ಕರೆತಂದಾಗ ನಿನಗೆ ಐದು ವರ್ಷ. ಆಮೆ ಬಿಟ್ಟು ಬರಲ್ಲ ಎಂದು ಆ ನೆಲದ ಮೇಲೇ ಹೊರಳಾಡಿದ್ದೆ. ಅಪ್ಪ ಹೆಗಲ ಮೇಲೆ ಹಾಕಿಕೊಂಡು ಹೊರಗೆ ತಂದಿದ್ದರು. ಆರು ವರ್ಷದ ಹಿಂದೆ ಬಾಗಿಲು ಧಡಾರನೆ ಎಳೆದುಕೊಂಡು ಹೋದವನು ಅವರ ತಲೆಯಲ್ಲಿಲ್ಲ, ಆ ಜಗಳವೂ ಇಲ್ಲ. ಹಾಗಾಗಿ ಮೂರು ಟಿಕೆಟ್. ಮೂರನೆಯವರೆಲ್ಲಿ ಎಂದು ಕೌಂಟರಿನವಳು ನಿನ್ನೆ ಕೇಳಿದಳು. ‘ಬರ್ತಾನೆ, ಗಾಡಿ ನಿಲ್ಲಿಸ್ತಿದ್ದಾನೆ’ ಎಂದುಬಿಟ್ಟೆ. ಸುಳ್ಳು ಹೇಳಿದ್ದಕ್ಕೂ ಏನೂ ಅನ್ನಿಸಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಮಗುವಿನ ಕೆನ್ನೆಗೆ ಅತ್ತೆಯದೊಂದು ಮುತ್ತು. ಅಪ್ಪನ ಆಶೀರ್ವಾದವನ್ನು ನಾನೇ ಬರೆಯುತ್ತಿದ್ದೇನೆ.

ನಿನ್ನ ಅಕ್ಕ

ತಾ.ಕ.: ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು. ಬರೆಯಲು ಕೂತದ್ದೇ ಇದನ್ನು ಹೇಳುವುದಕ್ಕೆ, ಇಷ್ಟು ಹೊತ್ತೂ ಕೈ ಬರಲಿಲ್ಲ. ಇವತ್ತು ಬೆಳಿಗ್ಗೆ ನಾನಾಗಿಯೇ ಮೂರು ಟಿಕೆಟ್ ಕೇಳಿದೆ. ಅಪ್ಪ ನನ್ನ ಕೈ ಹಿಡಿದು, ‘ಮೂರ್ಯಾಕೆ ಮೇಡಂ? ನಾವಿಬ್ರೇ ಅಲ್ವಾ?’ ಎಂದರು. ‘ಚಿಕ್ಕೋನಿಗೆ’ ಎಂದೆ. ‘ಯಾರವನು?’ ಎಂದರು. ಆದರೂ ಮೂರೇ ತೆಗೆದುಕೊಂಡೆ. ನಿನ್ನ ನಾಲ್ಕು ಟಿಕೆಟೂ ಈ ಲಕೋಟೆಯಲ್ಲಿವೆ. ಪಾಸ್ ಕೊಳ್ಳುವುದಿಲ್ಲ. ಸ್ಪೀಡ್ ಪೋಸ್ಟಾದರೆ ಕಾಗದ ನಾಳೆಯೇ ನಿನ್ನ ಕೈ ಸೇರುತ್ತದಂತೆ. ನಿನ್ನೂರಿಂದ ಇಲ್ಲಿಗೆ ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ. ಭಾನುವಾರ ನಾವು ಹೊರಡುತ್ತೇವೆ. ಶನಿವಾರವೂ ಮೂರೇ ತೆಗೆದುಕೊಳ್ಳುತ್ತೇನೆ. ಹತ್ತು ಗಂಟೆಗೆ ಬಾಗಿಲು ತೆರೆಯುತ್ತಾರೆ.