ಓದಿ ಹೇಳಿದವರ ಸಹಿ

ಬೆಟಗೇರಿ
೨೫ ಸೆಪ್ಟೆಂಬರ್ ೨೦೦೭, ಮಂಗಳವಾರ

ಪ್ರೀತಿಯ ಅಮ್ಮಿ,

ನಿನಗೂ ಅಬ್ಬಾಗೂ ಸಲಾಮ್. ಮುಂಡರಗಿಯಲ್ಲಿ ರಂಜಾನಿನ ರೋಜಾ ಹೇಗೆ ನಡೆದಿವೆ? ನಾನು ಆರಾಮ ಇದ್ದೇನೆ ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ಹಾಳೆ ಹೊಲಸಾಯಿತೆಂದು ಬದಲಿಸಿದೆ. ಇದು ಮೂರನೆಯ ಹಾಳೆ. ಹತ್ತು ವರ್ಷ ಹಾಸ್ಟೆಲಿನಲ್ಲಿ ಇಂಗ್ಲಿಷ್ ಉಂಡು ಬಂದವಳ ಕನ್ನಡ ಇದು, ತಪ್ಪಿದ್ದಲ್ಲಿ ತಿದ್ದಿಕೊಂಡು ಓದು.

ಫೋನ್ ಮಾಡಬಹುದಿತ್ತು. ಆದರೆ ಫೋನಿರುವುದು ಪಕ್ಕದ ಶೇಖವ್ವನ ಮನೆಯಲ್ಲಿ, ಮಗ್ಗದ ಹತ್ತಿರ. ನಾನು ಮಾತಾಡುವಷ್ಟು ಹೊತ್ತೂ ನಾನಿ ಮಗಳ ಸುದ್ದಿ ಕೇಳಲೆಂದು ಬಾಗಿಲಲ್ಲೇ ನಿಂತಿರುತ್ತಾಳೆ. ಇದು ಅವಳ ಕಿವಿಗೆ ಬೀಳುವ ವಿಷಯವಲ್ಲ.

ಹೋದ ಗುರುವಾರ ಸೊಸೈಟಿಯಿಂದ ನಾನಿಯ ಹೆಸರಿಗೆ ಒಂದು ನೋಟಿಸು ಬಂತು, ಈ ಮನೆಯ ಮೇಲಿನ ಸಾಲದ್ದು. ನಾನಿ ನೇಕಾರರ ಕಂಡಿಕೆಗಳಿಗೆ ನೂಲು ಸುತ್ತುತ್ತ ಕೂತಿದ್ದಳು. "ಓದು ಬೇಟಾ, ಏನಂತಾರ ನೋಡು" ಎಂದಳು. ನಾನು ಮೊದಲು ಮನಸ್ಸಿನಲ್ಲೇ ಓದಿಕೊಂಡೆ. ಹತ್ತು ವರ್ಷಗಳ ಅವಧಿ ಡಿಸೆಂಬರ್ ಮೂವತ್ತೊಂದಕ್ಕೆ ಮುಗಿಯುತ್ತದೆ. ಇಲ್ಲಿಯವರೆಗೆ ಕಟ್ಟಿದ್ದು ಬರೀ ಬಡ್ಡಿ. ಅಸಲು ಒಂದು ಲಕ್ಷ ಇಪ್ಪತ್ತು ಸಾವಿರ, ತಂದಾಗ ಇದ್ದಷ್ಟೇ ಇದೆ. ಅಷ್ಟನ್ನೂ ಒಂದೇ ಸಲ ತುಂಬಬೇಕು, ಇಲ್ಲದಿದ್ದರೆ ಮನೆ ಹರಾಜು.

"ಇನ್ನ ಮೂರು ಕಂತು ಉಳಿದಾವಂತ ನಾನಿ, ತಪ್ಪದ ಕಟ್ರಿ ಅಂತಾರ" ಎಂದುಬಿಟ್ಟೆ. "ಇಷ್ಟುದ್ದ ಬರದು ಇಷ್ಟ ಹೇಳ್ಯಾರೇನ?" ಎಂದು ಕೇಳಿದಳು. "ಆಫೀಸಿನ ಕನ್ನಡ ಹಂಗ ಇರ್ತೈತಿ" ಎಂದೆ. ನಕ್ಕಳು. ಅಮ್ಮಿ, ಅವಳು ನಕ್ಕಾಗ ನನಗೆ ಹೆಚ್ಚು ಹೆದರಿಕೆಯಾಯಿತು.

ನಿನಗೆ ಗೊತ್ತಲ್ಲ, ಗದಗ ಹೊಸ ಜಿಲ್ಲೆಯಾದ ವರ್ಷ ನೂಲಿಗೆ ಬಣ್ಣ ಹಾಕುವ ಶೆಡ್ಡು ಕಟ್ಟಿಸಲು ನಿನ್ನ ಅಬ್ಬಾ, ನಮ್ಮ ನಾನಾ, ತಂದ ಸಾಲ ಇದು. ಮನೆ ಮಾತ್ರ ನಾನಿಯದು, ಮದುವೆಯಲ್ಲಿ ಮೆಹರ್ ಎಂದು ಬರೆದುಕೊಟ್ಟದ್ದು. ಬಣ್ಣದ ಕೆಲಸ ನಿಂತಿತು, ನಾನಾ ಹೋದರು, ಶೆಡ್ಡಿನಲ್ಲಿ ಈಗ ವೆಲ್ಡಿಂಗ್ ಜಾಹೀದನ ಅಂಗಡಿ ಇದೆ. ಅವನು ಕೊಡುವ ಬಾಡಿಗೆಗೆ ಕಂಡಿಕೆಯ ದುಡ್ಡು ಸೇರಿಸಿ ನಾನಿ ತಿಂಗಳಿಗೆ ಸಾವಿರದ ಮುನ್ನೂರು ಒಯ್ದು ಕಟ್ಟುತ್ತಾಳೆ. ಕಟ್ಟಿ ಬಂದವಳು ಚಪ್ಪಲಿ ಬಿಡುವ ಮೊದಲೇ ಗೋಡೆಯ ಮೊಳೆಗೆ ತೂಗುಬಿಟ್ಟ ಕೆಂಪು ನೂಲಿಗೆ ಒಂದು ಗಂಟು ಹಾಕುತ್ತಾಳೆ. ನಾನು ಎಣಿಸಿದೆ, ನೂರಾ ಹದಿನೇಳು ಇವೆ. ನೂರಾ ಇಪ್ಪತ್ತಕ್ಕೆ ಮನೆ ಬಿಡುಗಡೆ ಎಂದು ಅವಳು ಓಣಿಗೆಲ್ಲ ಹೇಳಿದ್ದಾಳೆ. ಯಾರಿಗೆ ಏನು ಸಿಹಿ ಎಂದು ಈಗಲೇ ಜಗಳ ನಡೆದಿದೆ. "ಜೈಬುನ್ನೀಸಾಬಿ, ನನಗ ಬರೇ ಶಿರಾ ಕೊಟ್ರ ನಡಿಯಂಗಿಲ್ಲ, ಹೋಳಿಗಿ ಬೇಕು" ಎಂದು ಶೇಖವ್ವ ಕಾಡುತ್ತಾಳೆ. "ನಿನಗ ಹೋಳಿಗಿ ಮಾಡ್ಕೋಂತ ಕುಂತ್ರ ನನ್ನ ಮನಿ ಮತ್ತ ಅಡವು ಬೀಳ್ತೈತಿ" ಎಂದು ಇವಳು.

ಇದೇ ನಾನಿ, ಅಂಚೆ ಕಚೇರಿಯ ಪುಸ್ತಕಕ್ಕೆ ಬಡ್ಡಿ ಬಂದರೆ ಅದನ್ನು ಪೈಸೆ ಸಮೇತ ತೆಗೆಸಿ ಓಣಿಯ ಗಟಾರ ಸ್ವಚ್ಛ ಮಾಡಿಸಲು ಕೊಟ್ಟುಬಿಡುತ್ತಾಳೆ. "ಅದು ಗಟಾರದ ರೊಕ್ಕ, ಗಟಾರಕ್ಕ ಹೋಗ್ಲಿ" ಎನ್ನುತ್ತಾಳೆ. ಬಡ್ಡಿ ತಿನ್ನುವುದೂ ಕೊಡುವುದೂ ಅವಳಿಗೆ ಒಂದೇ ಗುನ್ಹೆ. ಅಂಥವಳು ಹತ್ತು ವರ್ಷ ಬಡ್ಡಿಯನ್ನೇ ಕಟ್ಟಿದ್ದಾಳೆ, ಅದೂ ಬಿಸ್ಮಿಲ್ಲಾ ಹೇಳಿ.

ಶನಿವಾರ ನಾನು ಸೊಸೈಟಿಗೆ ಹೋದೆ. ಅವತ್ತು ಕಾಲೇಜಿನಲ್ಲಿ ಇಂಟರ್ನಲ್ ಟೆಸ್ಟ್ ಇತ್ತು, ಬರೆಯಲಿಲ್ಲ. ಅಬ್ಬಾಗೆ ಹೇಳಬೇಡ. ಅಲ್ಲಿ ಶ್ರೀಪಾದ ಎನ್ನುವ ಮ್ಯಾನೇಜರರು ಇದ್ದಾರೆ, ಕನ್ನಡಕ ತಲೆಯ ಮೇಲಿಟ್ಟುಕೊಂಡು ಕನ್ನಡಕ ಹುಡುಕುವವರು. ನಾನು ಇಂಗ್ಲಿಷಿನಲ್ಲಿ ಶುರುಮಾಡಿದೆ, ಹೆದರಿದರೆ ನನಗೆ ಅದೇ ಬರುತ್ತದೆ. "ಕನ್ನಡದಾಗ ಜಗಳಾ ಮಾಡವಾ, ನನಗ ಜಲ್ದಿ ತಿಳೀತದ" ಎಂದರು. ಜಗಳವಾಡಲು ಏನೂ ಇರಲಿಲ್ಲ. "ಇದರಾಗ ಮೋಸ ಇಲ್ಲ ತಂಗಿ. ತಿಂಗಳಾ ಹೊರಿ ಕಡಿಮಿ ಆಗಬೇಕಂತ ನಿಮ್ಮ ನಾನಾನ ಹಿಂಗ ಮಾಡಿಸ್ಕೊಂಡ್ರು. ಶೆಡ್ಡ ನಡದ್ರ ಅಸಲು ಒಮ್ಮೆಲೇ ಒಗದೇನಂತಿದ್ರು" ಎಂದರು.

ಅವರು ಎರಡು ದಾರಿ ಹೇಳಿದರು. ಒಂದು, ಉಳಿದ ಅಸಲಿಗೆ ಏಳು ವರ್ಷದ ಹೊಸ ಕಾಗದ, ತಿಂಗಳಿಗೆ ಎರಡು ಸಾವಿರದ ಇನ್ನೂರರಂತೆ. ಬಡ್ಡಿಯೂ ಅದರಲ್ಲೇ, ಅಸಲೂ ಕರಗುತ್ತದೆ. ಇನ್ನೊಂದು, ರಸ್ತೆಗೆ ಮುಖವಿರುವ ಶೆಡ್ಡನ್ನು ಮಾರಿ ಸಾಲ ತೀರಿಸುವುದು. ಹೊಸ ಕಾಗದವಾದರೆ ಅಕ್ಟೋಬರ್ ಹತ್ತರೊಳಗೆ ಕೊಡಬೇಕು. ನಾನು ಇಬ್ಬರು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಲು ಮಾತಾಡಿದ್ದೇನೆ, ನೀನೂ ಸ್ವಲ್ಪ ಕಳಿಸಿದರೆ ಕಂತಿನ ದುಡ್ಡು ಹೊಂದುತ್ತದೆ. ಲೆಕ್ಕದ ಹೆದರಿಕೆ ನನಗಿಲ್ಲ. ಯಾವ ದಾರಿ ಹಿಡಿದರೂ ನಾನಿಯ ಹೆಬ್ಬೆಟ್ಟು ಬೇಕು. ಓದಲು ಬಾರದವರಾದರೆ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿ ಹೇಳಬೇಕು, ಓದಿದವರು ಕೆಳಗೆ ಸಹಿ ಮಾಡಬೇಕು. "ನಡುವ ಒಂದ ಶಬ್ದ ಬಿಟ್ರೂ ನಡಿಯೂದಿಲ್ಲ" ಎಂದರು.

ಹಾಗೆ ಹೇಳುತ್ತ ಹಳೆಯ ಕಾಗದ ತೆಗೆದು ತೋರಿಸಿದರು. ನಾನಿಯ ಹೆಬ್ಬೆಟ್ಟು ನೀಲಿಯಾಗಿತ್ತು. ಅದರ ಕೆಳಗೆ, "ಮೇಲಿನದನ್ನೆಲ್ಲ ಓದಿ, ತಿಳಿಸಿ ಹೇಳಿದ್ದೇನೆ" ಎಂಬ ಸಾಲು. ಅದರ ಕೆಳಗೆ ಮುಮ್ತಾಜ ಎಂದು ನಿನ್ನ ಸಹಿ. ನನ್ನ ಹಾಸ್ಟೆಲ್ ರಿಪೋರ್ಟ್ ಕಾರ್ಡುಗಳ ಮೇಲೆ ಹತ್ತು ವರ್ಷ ನೋಡಿದ ಸಹಿ. ನನಗೆ ಗುರುತು ಸಿಗದಿರುತ್ತದೆಯೇ?

ಅಮ್ಮಿ, ನಿನ್ನನ್ನು ಬಯ್ಯಲು ಬರೆಯುತ್ತಿಲ್ಲ. ಬಡ್ಡಿ ಎಂದರೆ ನಾನಿ ಹೆಬ್ಬೆಟ್ಟು ಒತ್ತುವುದಿಲ್ಲವೆಂದು ನಾನಾ ನಿನ್ನ ಕೈ ಹಿಡಿದು ಕೇಳಿಕೊಂಡಿರಬೇಕು. ಕಾಗದದಲ್ಲಿ ಬಡ್ಡಿ ಎಂದು ಇದ್ದಲ್ಲೆಲ್ಲ ನೀನು ಕಂತು ಎಂದು ಓದಿರಬೇಕು. ಹೌದೋ ಅಲ್ಲವೋ? ಗುರುವಾರ ನಾನು ಮಾಡಿದ್ದೂ ಅದೇ. ಯಾರೂ ಕೇಳಿಕೊಂಡಿರಲಿಲ್ಲ, ಆದರೂ ಮಾಡಿದೆ. ನನ್ನ ತಪ್ಪು ನಿನ್ನದಕ್ಕಿಂತ ದೊಡ್ಡದು ಅನ್ನಿಸುತ್ತದೆ, ಯಾಕೆಂದರೆ ನನಗೆ ಈ ಗಂಟಿನ ನೂಲು ಕಾಣುತ್ತಿತ್ತು.

ಅಂದಿನಿಂದ ಇಫ್ತಾರಿಗೆ ಖರ್ಜೂರ ಕೊಡುವಾಗ ನಾನಿಯ ಮುಖ ನೋಡಲು ಆಗುತ್ತಿಲ್ಲ. ಅವಳ ಬಿಪಿ ಗುಳಿಗೆಗಳನ್ನು ದಿನಾ ಎಣಿಸುತ್ತೇನೆ. ಗೊತ್ತಾದರೆ ಏನಾಗುತ್ತಾಳೋ. ಹೇಳದಿದ್ದರೆ ಜನವರಿಯಲ್ಲಿ ಯಾರೋ ಬಂದು ಮನೆಯ ಬಾಗಿಲಿಗೆ ಚೀಟಿ ಅಂಟಿಸುತ್ತಾರೆ, ಅದನ್ನೂ ನನ್ನಿಂದಲೇ ಓದಿಸುತ್ತಾಳೆ.

ನೀನು ಬಾ. ರವಿವಾರದೊಳಗೆ ಬಾ. ಬಾಯಿಬಿಟ್ಟು ನೀನೇ ಹೇಳು, ನಾನು ಪಕ್ಕದಲ್ಲಿ ಕೂತಿರುತ್ತೇನೆ. ನಿನಗಾಗದಿದ್ದರೆ ಹೌದು, ಹೇಳು ಎಂದು ಒಂದು ಸಾಲು ಬರೆ, ನಾನೇ ಹೇಳುತ್ತೇನೆ. ಆದರೆ ಆ ಹೊಸ ಕಾಗದವನ್ನು ಮಾತ್ರ ಮತ್ತೆ ಹಾಗೆ ಓದಲಾರೆ.

ನಿನ್ನ
ತಸ್ಲೀಮ

ತಾ.ಕ.: ಅಂಟು ಹಚ್ಚುವುದರೊಳಗೆ ನಾನಿ ಬಂದು ಎದುರು ಕೂತಳು. "ಯಾರಿಗಿ ಇಷ್ಟುದ್ದ?" ಎಂದಳು. ನಿನಗೆ ಎಂದೆ. "ಓದು, ನಾನೂ ಕೇಳ್ತೇನಿ." ನಾನಿ ಆರಾಮ ಇದ್ದಾಳೆ, ಮನೆಯಲ್ಲಿ ಎಲ್ಲ ಚಲೋ ಇದೆ ಎಂದು ಇಲ್ಲದ್ದನ್ನು ಓದತೊಡಗಿದೆ. ಎರಡು ಸಾಲಿಗೇ ತಡೆದಳು. "ಕಣ್ಣು ಒಂದ ಕಡೆ ನಿಂತಾವು, ಬಾಯಿ ಮುಂದ ಹೊಂಟೈತಿ. ಆವತ್ತೂ ಹಿಂಗ ಓದಿದಿ." ಆಮೇಲೆ ಎಲ್ಲ ಓದಿದೆ ಅಮ್ಮಿ, ನಿನ್ನ ಸಹಿಯ ಮಾತನ್ನೂ. ಒಂದು ಶಬ್ದವನ್ನೂ ಬಿಡಲಿಲ್ಲ.

ಅವಳು ಅಳಲಿಲ್ಲ. "ಎಲ್ಲಾ ಬಡ್ಡೀನ?" ಎಂದು ಕೇಳಿದಳು. ಎಲ್ಲಾ ಎಂದೆ. ಎದ್ದು ಕೈಕಾಲು ಮುಖ ತೊಳೆದು ವಜೂ ಮಾಡಿ ನಮಾಜಿಗೆ ನಿಂತಳು. ಮುಗಿಸಿ ಹೊರಗೆ ನಿಂತು ಜಾಹೀದನನ್ನು ಕರೆದು, ಶೆಡ್ಡು ಕೊಂಡುಕೊಳ್ಳುತ್ತೀಯಾ ಎಂದು ಕೇಳಿದಳು. ಅವನು ಎರಡು ವರ್ಷದಿಂದ ಕೇಳುತ್ತಲೇ ಇದ್ದನಂತೆ. "ಇನ್ನ ಒಂದ ಪೈಸಾನೂ ಬಡ್ಡಿ ಕಟ್ಟಂಗಿಲ್ಲ. ಶೆಡ್ಡ ಹೋಗ್ಲಿ, ಮನಿ ನಂದು" ಎಂದಳು ನನಗೆ.

ನಿನಗೆ ಬರೆಯಲು ಹೇಳಿದ್ದು ಇಷ್ಟು: "ಮುಮ್ತಾಜ ಬರ್ಲಿ, ಉಣ್ಲಿ, ನಾಕ ದಿನಾ ಇರ್ಲಿ. ಶೆಡ್ಡಿನ ಕಾಗದ ಓದಾಕ ಮಾತ್ರ ನೀವಿಬ್ರೂ ಬ್ಯಾಡ. ಶೇಖವ್ವ ಓದ್ತಾಳ." ಶೇಖವ್ವ ಕಲಿತದ್ದು ನಾಲ್ಕನೆಯ ತರಗತಿವರೆಗೆ ನಾನಿ, ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾಳೆ, ಮಧ್ಯಾಹ್ನವೆಲ್ಲ ಬೇಕಾಗುತ್ತದೆ ಎಂದೆ.

"ಕೂಡಿಸ್ಲಿ," ಎಂದಳು. "ಇದ್ದದ್ದ ಓದ್ತಾಳ."