ರಾಡಿನ ಸುತ್ತ ಕಪ್ಪು ಗೆರೆ ಎಳೆದವರಿಗೆ

ಆಸ್ಪತ್ರೆಯ ಎಕ್ಸ್‌ರೇ ವಿಭಾಗದ ಮುಖ್ಯಾಧಿಕಾರಿಗಳೇ,

ಮಾನ್ಯರೇ ಎಂದು ಶುರುಮಾಡಲು ಕೈ ಬರಲಿಲ್ಲ. ಆದರೂ ಪದ್ಧತಿ ಬಿಡಬಾರದಲ್ಲ, ಮಾನ್ಯರೇ. ನನ್ನ ಹೆಂಡತಿ ಗಿರಿಜಾಂಬಿಕಾಳ ಬಲತೊಡೆಯನ್ನು ನಿಮ್ಮಲ್ಲಿ ಒಮ್ಮೆ ಸುಮ್ಮಸುಮ್ಮನೆ ಕೊಯ್ದದ್ದಾಯಿತು. ಈಗ ಇನ್ನೊಮ್ಮೆ ಕೊಯ್ಯಬೇಕಾಗಬಹುದು ಎನ್ನುತ್ತಿದ್ದಾರೆ. ಎರಡಕ್ಕೂ ಸಾಕ್ಷಿ ನಿಮ್ಮ ಹೊಸ ಕಂಪ್ಯೂಟರ್ ಎಕ್ಸ್‌ರೇ. ಆ ಸಾಕ್ಷಿ ಈಗಾಗಲೇ ಒಮ್ಮೆ ಸುಳ್ಳು ಹೇಳಿ ಸಿಕ್ಕಿಬಿದ್ದಿದೆ. ಅದು ಗೊತ್ತಿದ್ದೂ ನೀವು ಅದನ್ನೇ ಮುಂದಿಡುತ್ತಿದ್ದೀರಿ, ಹಾಗಾಗಿ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಾನು ದಂಡಿನಶಿವರದ ಕೊಬ್ಬರಿ ವ್ಯಾಪಾರಿ. ಮೂರು ವರ್ಷದ ಹಿಂದೆ, ಅಟ್ಟದ ಮೇಲಿನ ಕಾಯಿ ಒಣಗಿದೆಯೇ ಎಂದು ಕಿವಿಗೆ ಹಿಡಿದು ಅಲ್ಲಾಡಿಸಿ ನೋಡಲು ಹತ್ತಿದ್ದ ಗಿರಿಜಾಂಬಿಕಾ, ಇಳಿಯುವಾಗ ಏಣಿ ಜಾರಿ ತೊಡೆ ಮೂಳೆ ಮುರಿದುಕೊಂಡಳು. ಒಳಗೆ ರಾಡು ಹಾಕಿದರು. ಮತ್ತೆ ಓಡಾಡಿಕೊಂಡಿದ್ದಳು. ಹೋದ ವರ್ಷ ಸ್ವಲ್ಪ ನೋವು ಎಂದಳು. ಆ ವೇಳೆಗೆ ನಿಮ್ಮ ಹೊಸ ಯಂತ್ರ ಬಂದಿತ್ತು. ಅದರ ಚಿತ್ರವನ್ನು ನೆರೆಮನೆಯ ಮರುಳಪ್ಪ ಬಸ್ಸಿನ ಕಿಟಕಿಗೆ ಹಿಡಿದು, "ಎಷ್ಟ್ ಚೆನ್ನಾಗ್ ಕಾಣ್ತದೆ ನೋಡ್ಲಾ ಪ್ರಸಾದ! ಹಳೇದ್ರಲ್ಲಿ ಮೂಳೆ ಯಾವ್ದು ಮಾಂಸ ಯಾವ್ದು ಗೊತ್ತಾಗ್ತಿರ್ಲಿಲ್ಲ" ಅಂದ. ನನಗೂ ಖುಷಿಯಾಯಿತು. ಆ ಚಂದದ ಚಿತ್ರದಲ್ಲಿ ರಾಡಿನ ಸುತ್ತ ಒಂದು ಕಪ್ಪು ಗೆರೆ ಇತ್ತು. ಗೆರೆ ಎಂದರೆ ರಾಡಿಗೂ ಮೂಳೆಗೂ ನಡುವೆ ಸಂದು ಬಿದ್ದಿದೆ, ರಾಡು ಸಡಿಲವಾಗಿದೆ ಎಂದರು, ಕೊಯ್ದರು. ರಾಡು ಬಿಗಿಯಾಗೇ ಇತ್ತು! ಅದನ್ನು ಕಿತ್ತು ಬೇರೆಯದು ಹಾಕುವಾಗ ಮೂಳೆ ಸೀಳಿತು. ಈಗ ಅವಳು ಕೋಲಿಲ್ಲದೆ ಬಚ್ಚಲಿಗೂ ಹೋಗಲಾರಳು.

ಕೊಯ್ದ ಡಾಕ್ಟರು ದೊಡ್ಡ ಮನಸ್ಸಿನವರು, ಮುಚ್ಚಿಡಲಿಲ್ಲ. ಚಿತ್ರ ಎದ್ದು ಕಾಣಲಿ ಎಂದು ಕಂಪ್ಯೂಟರು ಅಂಚುಗಳನ್ನು ಹರಿತ ಮಾಡುತ್ತದಂತೆ. ಅದು ಅತಿಯಾದರೆ ಲೋಹದ ಪಕ್ಕದಲ್ಲಿ ಇಲ್ಲದ ಗೆರೆಯೊಂದು ಮೂಡುತ್ತದಂತೆ. ಈ ಹರಿತವನ್ನು ಎಷ್ಟಿಡಬೇಕೆಂದು ಗೊತ್ತುಮಾಡಿದವರು ಯಾರು ಎಂದು ಕೇಳಿಕೊಂಡು ನಿಮ್ಮ ಕೋಣೆಗೆ ಬಂದೆ. ನೀವು ನಗುತ್ತಾ, "ಎಲ್ಲರೂ ಚಿತ್ರ ಬಹಳ ಚೆನ್ನಾಗಿದೆ ಅಂತಾರೆ" ಎಂದಿರಿ.

ಎಲ್ಲರೂ ಎಂದರೆ ಯಾರು ಸ್ವಾಮಿ? ಬಸ್ಸಿನಲ್ಲಿ ಕೂತ ಮರುಳಪ್ಪನೇ? ತಿಪಟೂರಿನ ಮಾರುಕಟ್ಟೆಯಲ್ಲಿ ಹೊಳಪು ನೋಡಿ ನಾವು ಕೊಬ್ಬರಿಗೆ ಬೆಲೆ ಬರೆಯುವುದಿಲ್ಲ. ರಾಶಿಯಲ್ಲಿ ಕೈಗೆ ಸಿಕ್ಕಿದ್ದನ್ನು ಒಡೆದು ಒಳಗೆ ನೋಡುತ್ತೇವೆ. ನೀವು ಒಂದನ್ನಾದರೂ ಒಡೆದು ನೋಡಿದ್ದೀರಾ? ರಾಡು ಬಿಗಿಯಾಗಿದ್ದವರದು, ನಿಜಕ್ಕೂ ಸಡಿಲವಾಗಿದ್ದವರದು, ಕೂದಲೆಳೆಯಷ್ಟು ಬಿರುಕಿದ್ದವರದು, ಹೀಗೆ ಫಲ ಗೊತ್ತಿರುವ ಚಿತ್ರಗಳನ್ನು ತೆಗೆದುಕೊಳ್ಳಿ. ಪ್ರತಿಯೊಂದನ್ನೂ ಹರಿತವಿಲ್ಲದೆ ಒಮ್ಮೆ, ಕಡಿಮೆ ಹರಿತದಲ್ಲಿ ಒಮ್ಮೆ, ನಿಮ್ಮ ಪ್ರೀತಿಯ ಹರಿತದಲ್ಲಿ ಒಮ್ಮೆ ಅಚ್ಚುಹಾಕಿ ಬೆರೆಸಿ, ಯಾವುದು ಯಾವುದೆಂದು ಹೇಳದೆ ಡಾಕ್ಟರುಗಳ ಮುಂದಿಡಿ. ಯಾವುದರಲ್ಲಿ ರೋಗ ಕಂಡಿತು, ಯಾವುದರಲ್ಲಿ ಇಲ್ಲದ್ದು ಕಂಡಿತು ಎಂದು ಅಳೆಯಿರಿ. ಬಿರುಕು ಹುಡುಕಲು ಹರಿತವೇ ಒಳ್ಳೆಯದೆಂದು ಗೊತ್ತಾದರೆ ಇಟ್ಟುಕೊಳ್ಳಿ, ನನ್ನ ಅಡ್ಡಿಯಿಲ್ಲ. ಅಳೆಯದೆ ಚೆನ್ನಾಗಿದೆ ಎನ್ನಬೇಡಿ.

ನನಗೆ ಕೋಪ ಇಲ್ಲವೆಂದಲ್ಲ. ಆದರೆ ಕೋಪಕ್ಕಿಂತ ಹೆಚ್ಚಾಗಿ ಮೋಸಹೋದ ಸಂಕಟ. ಮಾಯಸಂದ್ರದಿಂದ, ಅಮ್ಮಸಂದ್ರದಿಂದ ಜನ ನಿಮ್ಮನ್ನು ನಂಬಿ ಬರುತ್ತಾರೆ. ನಾವು ಕಣ್ಣು ಮುಚ್ಚಿ ನಂಬಿದ್ದೆವು.

ಹೋದ ವಾರ ಮತ್ತೆ ತೆಗೆದ ಚಿತ್ರದಲ್ಲಿ ಹೊಸ ರಾಡಿನ ಸುತ್ತಲೂ ಕಪ್ಪು ಗೆರೆ ಬಂದಿದೆ. ಅದೇ ಡಾಕ್ಟರು ತಲೆಮೇಲೆ ಕೈಹೊತ್ತು, "ಹೋದ ಸಲ ಸುಳ್ಳಾಯ್ತು, ಈ ಸಲ ನಿಜಾನೂ ಇರಬಹುದು. ನಾನೂ ಇದೇ ಚಿತ್ರ ನೋಡೋನಲ್ವೇ" ಎಂದರು. ಗಿರಿಜಾಂಬಿಕಾ ಮನೆಗೆ ಬಂದು, "ಕೊಯ್ಸ್ಕೊ ಅಂದ್ರೆ ಕೊಯ್ಸ್ಕೊಂಡ್ ಬತ್ತೀನಿ, ಬುಡು ಅಂದ್ರೆ ಬುಡ್ತೀನಿ. ಯಾವ್ದಾದ್ರೂ ಒಂದ್ ಹೇಳ್ರೀ" ಅಂತಾಳೆ.

ಹರಿತ ಹಾಕದ ಒಂದು ಚಿತ್ರ ಕೊಡಿ ಎಂದು ಕೇಳಿದರೆ, ಮಂಕಾಗಿ ಬರುತ್ತದೆ, ಆಸ್ಪತ್ರೆಯ ಹೆಸರು ಕೆಡುತ್ತದೆ ಎಂದಿರಿ. ಮಂಕಾಗಿಯೇ ಬರಲಿ, ಈ ವಾರವೇ ಕೊಡಿ. ಅದು ಕೈಗೆ ಬರುವ ತನಕ ಅವಳನ್ನು ಆಪರೇಷನ್ ಮೇಜಿಗೆ ಹತ್ತಿಸುವುದಿಲ್ಲ. ಅಷ್ಟರಲ್ಲಿ, ಈ ಸಲದ ಗೆರೆ ನಿಜವೇ ಆಗಿದ್ದರೆ ಅವಳ ಕಾಲು ಏನಾಗುತ್ತದೆ ಎಂಬುದೂ ನನಗೆ ಗೊತ್ತು.

ಇಂತಿ,
ಹೆಂಡತಿಗೆ ಉತ್ತರ ಕೊಡಲಾಗದೆ ಕೂತಿರುವ,
ರೇಣುಕಪ್ರಸಾದ್
ದಂಡಿನಶಿವರ, ೨೦೦೭